ಅಟ್ಟದ ಮೇಲಿನ ರೊಟ್ಟಿ

ಬೆಳಗಿನ ಏಳೂಕಾಲಿಗೆ ಉಮಾಶ್ರೀಗೆ ಉಸಿರು ಕಟ್ಟಿತು.

ಎಂಟು ವರ್ಷದ ಹುಡುಗಿ. ಶಾಲೆಯ ಯೂನಿಫಾರ್ಮ್ ತೊಟ್ಟು, ಒಂದು ಕಾಲಿಗೆ ಸಾಕ್ಸ್ ಏರಿಸಿ, ಇನ್ನೊಂದನ್ನು ಕೈಯಲ್ಲಿ ಹಿಡಿದು ಮಂಚದ ಅಂಚಿಗೆ ಕೂತಿದ್ದವಳು ಬಾಯಿ ತೆರೆದಳು. ಗಾಳಿ ಒಳಗೆ ಹೋಗಲಿಲ್ಲ. ಎದೆಯಲ್ಲಿ ಯಾರೋ ಪೀಪಿ ಊದಿದಂಥ ಸದ್ದು. ಅದೇ ಹೊತ್ತಿಗೆ ಅಡುಗೆಮನೆಯಲ್ಲಿ ಅವಳ ಅಜ್ಜಿ ಗೌರಮ್ಮ ಶೇಂಗಾ ಚಟ್ನಿಪುಡಿಗೆಂದು ಬ್ಯಾಡಗಿ ಮೆಣಸಿನಕಾಯಿ ಹುರಿಯುತ್ತಿದ್ದಳು. ಒಲೆಯ ನೆತ್ತಿಯ ಮೇಲೆ ಗೋಡೆಗೆ ಕೂರಿಸಿದ್ದ ಮೈಕ್ರೋವೇವಿನ ಹೊಟ್ಟೆಯಲ್ಲಿ ಫ್ಯಾನು ಹಿಟ್ಟಿನ ಗಿರಣಿಯಂತೆ ಗುಂಯ್‌ಗುಡುತ್ತಿತ್ತು. ಹಾಗಾಗಿ ಮೊಮ್ಮಗಳು ಕೆಮ್ಮಿದ್ದೂ, ಸೊಸೆ ಕೂಗಿದ್ದೂ ಅವಳಿಗೆ ಕೇಳಲಿಲ್ಲ. ರಕ್ಷಿತಾ ಓಡಿ ಬಂದು ಒಲೆ ಆರಿಸಿದಾಗಲೇ ಗೊತ್ತಾದದ್ದು.

ಹೂಡಿಯ ಮಕ್ಕಳ ಆಸ್ಪತ್ರೆಯಲ್ಲಿ ಉಮಾಶ್ರೀಯ ಮೂಗಿಗೆ ಮುಖವಾಡ ಕಟ್ಟಿ ಔಷಧದ ಆವಿ ಕೊಟ್ಟರು. ಡಾಕ್ಟರು ಬರೆಯುತ್ತಲೇ ಕೇಳಿದರು, "ಮನೇಲಿ ಯಾರಾದ್ರೂ ಸಿಗರೇಟ್ ಸೇದ್ತಾರಾ?"

"ಇಲ್ಲ ಡಾಕ್ಟ್ರೇ."

"ಊದಿನಕಡ್ಡಿ? ಸೊಳ್ಳೆಬತ್ತಿ?"

"ಅದನ್ನೆಲ್ಲ ಹೋದ ವರ್ಷವೇ ನಿಲ್ಲಿಸಿದ್ವಿ."

"ಅಡುಗೆ ಹೊಗೆ?"

ರಕ್ಷಿತಾ ಮಗಳ ಮುಖವಾಡ ಸರಿಪಡಿಸಿದಳು. ಬಾಗಿಲ ಬಳಿ ನಿಂತಿದ್ದ ಅತ್ತೆಯ ಕಡೆಗೂ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು ಅನ್ನಿಸಿತು ಗೌರಮ್ಮನಿಗೆ.

ಗೌರಮ್ಮ, ಅವಳ ಗಂಡ ಕೊಟ್ರಪ್ಪ ಕೊಟ್ಟೂರಿನವರು. ಕೊಟ್ರಪ್ಪ ವಿದ್ಯುತ್ ಕಂಪನಿಯಲ್ಲಿ ಲೈನ್‌ಮ್ಯಾನ್ ಆಗಿ ಸೇರಿ ಮೇಲ್ವಿಚಾರಕನಾಗಿ ನಿವೃತ್ತನಾದವನು. ಮಗ ಕೊಟ್ರೇಶ್ ಮಹದೇವಪುರದ ಒಂದು ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷಕ. ಸೊಸೆ ರಕ್ಷಿತಾ ಬ್ಯಾಂಕಿನಲ್ಲಿ. ಮೂರು ವರ್ಷದ ಹಿಂದೆ ಈ ಫ್ಲ್ಯಾಟ್ ಕೊಂಡಾಗ ಮೈಕ್ರೋವೇವ್ ಮನೆಯ ಜೊತೆಗೇ ಬಂದಿತ್ತು. ಮೊದಲಿನ ಮಾಲೀಕ ವಿದೇಶದಲ್ಲಿದ್ದು ಬಂದವನು, ಅಲ್ಲಿ ಕಂಡದ್ದನ್ನು ಇಲ್ಲಿ ಹಾಕಿಸಿದ್ದ. ಮೇಲೆ ಬಿಸಿ ಮಾಡುವ ಪೆಟ್ಟಿಗೆ, ಕೆಳಗೆ ಹೊಗೆ ಎಳೆಯುವ ಫ್ಯಾನು. "ಒಂದರಾಗ ಎರಡು. ಚಿಮಣಿ ಬೇರೆ ಬೇಕಾಗಿಲ್ಲ," ಎಂದು ಕೊಟ್ರೇಶ್ ಗೃಹಪ್ರವೇಶಕ್ಕೆ ಬಂದವರಿಗೆಲ್ಲ ತೋರಿಸಿದ್ದ.

ಆ ಸಂಜೆ ಊಟಕ್ಕೆ ಕೂತಾಗ ರಕ್ಷಿತಾ ತಟ್ಟೆ ನೋಡುತ್ತಲೇ ಹೇಳಿದಳು. "ಅತ್ತೆ, ನಾಳೆಯಿಂದ ಹುರಿಯೋದು, ಒಗ್ಗರಣೆ, ರೊಟ್ಟಿ, ಯಾವುದೂ ಬೇಡ. ರೊಟ್ಟಿ ಬೇಕಂದ್ರೆ ಖಾನಾವಳಿಯಿಂದ ತರಿಸೋಣ."

"ಖಾನಾವಳಿ ರೊಟ್ಟಿ? ಅದರಾಗ ಚಪ್ಪಲಿ ಹೊಲಿಸ್ಕೊಬಹುದವ್ವ, ತಿನ್ನಾಕ ಬರೂದಿಲ್ಲ."

"ಅವ್ವ, ಫ್ಯಾನ್ ಹಾಕಿದ್ಯೋ ಇಲ್ಲೋ?" ಎಂದ ಕೊಟ್ರೇಶ್.

"ದೊಡ್ಡದಕ್ಕೇ ಇಟ್ಟಿದ್ದೆ. ಅದರ ಸದ್ದಿಗೇ ಅಲ್ಲೇನು ನನಗ ಹುಡುಗಿ ಕೆಮ್ಮಿದ್ದು ಕೇಳದಿದ್ದದ್ದು."

"ಅಷ್ಟು ಸದ್ದು ಮಾಡ್ತೈತಿ ಅಂದ್ಮೇಲೆ ಕೆಲಸಾನೂ ಮಾಡ್ತೈತಿ."

"ಸದ್ದು ಮಾಡಿದವರೆಲ್ಲ ಕೆಲಸ ಮಾಡ್ತಾರ ಅಂದ್ರ ನಿಮ್ಮಪ್ಪ ಇಷ್ಟೊತ್ತಿಗೆ ಚೀಫ್ ಇಂಜಿನಿಯರ್ ಆಗಿರ್ತಿದ್ದ," ಎಂದಳು ಗೌರಮ್ಮ.

ಕೊಟ್ರಪ್ಪ ಮಜ್ಜಿಗೆ ಕುಡಿಯುತ್ತಿದ್ದವನು ಲೋಟ ಇಳಿಸಿ, "ನನ್ನ ಯಾಕ ತಂತಿಗೆ ಎಳೀತೀಯ?" ಎಂದ. ಯಾರೂ ನಗಲಿಲ್ಲ.

ರಕ್ಷಿತಾ ಬಿಡಲಿಲ್ಲ. "ಹೊಗೆ ಒಂದೇ ಅಲ್ಲ ಅತ್ತೆ. ಅವಳ ಬೀರುವಿನಲ್ಲಿ ಒಗೆದಿಟ್ಟ ಯೂನಿಫಾರ್ಮ್ ಕೂಡ ಒಗ್ಗರಣೆ ವಾಸನೆ ಹೊಡೆಯುತ್ತೆ. ಮಡಚಿ ಇಡೋರು ಯಾರು?"

"ನಾನ. ಅಡಿಗಿ ಕೈಲೆ ಮುಟ್ಟೂದಿಲ್ಲ. ಸಬಕಾರ ಹಚ್ಚಿ ತೊಳಕೊಂಡ ಮಡಚ್ತೀನಿ."

"ಮತ್ತೆ ವಾಸನೆ ಎಲ್ಲಿಂದ ಬರುತ್ತೆ?"

"ಲೈಟಿಂದ ಬರತ್ತೆ," ಎಂದಳು ಉಮಾಶ್ರೀ. "ನನ್ನ ರೂಮಿನ ಮೇಲಿರೋ ಲೈಟಿಂದ."

"ಊಟ ಮಾಡು, ಮಾತು ಬೇಡ," ಎಂದಳು ತಾಯಿ. ಅಲ್ಲಿಗೆ ಆ ಮಾತು ಮುಗಿಯಿತು.

ಮರುದಿನದಿಂದ ಮನೆಯಲ್ಲಿ ಇಡ್ಲಿ, ಅನ್ನ, ಬೇಯಿಸಿದ ಬೇಳೆ, ಮೊಸರು. ಒಗ್ಗರಣೆಯಿಲ್ಲದ ಸಾರು. "ಆಸ್ಪತ್ರಿಗೆ ಹೋಗೂದೇ ಬ್ಯಾಡಾಗೈತಿ, ಅಲ್ಲಿನ ಊಟ ಮನೀಗೇ ಬಂದೈತಿ," ಎಂದು ಕೊಟ್ರಪ್ಪ ಗೊಣಗಿದ. ಖಾನಾವಳಿಯ ರೊಟ್ಟಿ ಬೆಳ್ಳಿ ಹಾಳೆಯಲ್ಲಿ ಸುತ್ತಿ ಬಂತು. ತೆರೆಯುವಷ್ಟರಲ್ಲಿ ಒದ್ದೆ ಟವೆಲ್ಲಿನಂತಾಗಿತ್ತು. ಗೌರಮ್ಮ ಬೆಳಿಗ್ಗೆ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮುಗಿಸಿ ಹಾಲ್‌ನಲ್ಲಿ ಕೂರುತ್ತಿದ್ದಳು. ಮದುವೆಯಾಗಿ ಬಂದಂದಿನಿಂದ ಪೂಜೆ ಮುಗಿದ ಮೇಲೆ ಒಲೆ ಹಚ್ಚದೆ ಕೂತದ್ದು ಅವಳ ನೆನಪಿನಲ್ಲಿ ಇಲ್ಲ. ಟಿವಿ ಹಾಕಿದರೆ ಅದರಲ್ಲೂ ಯಾರೋ ಅಡುಗೆ ಮಾಡುತ್ತಿದ್ದರು.

ಉಮಾಶ್ರೀ ಚೇತರಿಸಿಕೊಂಡಳು. ಅದೇ ಗೌರಮ್ಮನ ಎದೆಗೆ ನಾಟಿತು. ಅಂದರೆ ತಪ್ಪು ತನ್ನ ಒಲೆಯದೇ.

"ಈ ಅಮಾವಾಸ್ಯಿ ಆದಮ್ಯಾಲ ನನ್ನ ಊರಿಗೆ ಬಿಟ್ಟುಬರ್ರಿ," ಎಂದಳು ಗಂಡನಿಗೆ. "ನಾ ಒಲಿ ಮುಂದ ನಿಂತರ ಕೂಸಿಗೆ ಉಸಿರು ಕಟ್ಟತೈತಿ. ನಿಲ್ಲದಿದ್ರ ನನಗ ಕಟ್ಟತೈತಿ."

"ಊರಾಗಿನ ಮನಿ ಬಾಡಿಗಿಗೆ ಕೊಟ್ಟೀವಲ್ಲ. ಬಾಡಿಗ್ಯಾರ ಒಲಿ ಮುಂದ ಕೂಡ್ರತೀಯೇನು?"

"ತಂಗಿ ಮನಿ ಐತಿ."

ಕೊಟ್ರಪ್ಪನಿಗೆ ಅವಳ ದನಿ ಗೊತ್ತು. ಅವನು ಆಮೇಲೆ ತಮಾಷೆ ಮಾಡಲಿಲ್ಲ.

ಮನೆಯಲ್ಲಿ ಉಳಿದ ಒಳ್ಳೆಯ ರೊಟ್ಟಿಯೆಂದರೆ ಅಟ್ಟದ ಮೇಲಿನ ಬುಟ್ಟಿಯದು. ಪ್ರತಿ ಭಾನುವಾರ ಗೌರಮ್ಮ ಜೋಳದ ರೊಟ್ಟಿ ಬಡಿದು, ಒಣಗಿಸಿ, ಬಿದಿರಿನ ಬುಟ್ಟಿಯಲ್ಲಿ ಬಿಳಿ ಬಟ್ಟೆ ಮುಚ್ಚಿ ಇಡುತ್ತಿದ್ದಳು. ಅವಳಿಗೆ ಎಟುಕದ್ದರಿಂದ ಬುಟ್ಟಿಯನ್ನು ಎತ್ತಿ ಮೈಕ್ರೋವೇವಿನ ಮೇಲಿನ ಅಟ್ಟಕ್ಕೆ ಏರಿಸುವವಳು ಎತ್ತರದ ರಕ್ಷಿತಾ. ಇಬ್ಬರೂ ಜಗಳವಾಡಿದ ವಾರದಲ್ಲೂ ಆ ಕೆಲಸ ತಪ್ಪಿರಲಿಲ್ಲ.

ಆ ಅಟ್ಟದ ಮಹಿಮೆ ಅಪಾರ್ಟ್‌ಮೆಂಟಿಗೇ ಗೊತ್ತಿತ್ತು. ಹೂಡಿಯ ಮಳೆಗಾಲದಲ್ಲಿ ಬಿಸ್ಕತ್ತು ಡಬ್ಬಿ ತೆರೆದ ದಿನವೇ ಮೆತ್ತಗಾಗುತ್ತದೆ. ಗೌರಮ್ಮನ ರೊಟ್ಟಿ ಮಾತ್ರ ತಿಂಗಳಾದರೂ ಮುರಿದರೆ 'ಕಟ್' ಎನ್ನಬೇಕು. ಅಟ್ಟ ಇದ್ದದ್ದು ಆಗ್ನೇಯ ಮೂಲೆಯಲ್ಲಿ. "ಅಗ್ನಿ ಮೂಲಿ. ಅಲ್ಲಿ ತಾಯಿ ಅನ್ನಪೂರ್ಣಿ ಕುಂತಾಳ," ಎಂದು ಗೌರಮ್ಮ ಅಟ್ಟದ ಬಾಗಿಲಿಗೆ ಪ್ರತಿ ಸೋಮವಾರ ಕೋಲಿನ ತುದಿಯಿಂದ ವಿಭೂತಿ ಹಚ್ಚುತ್ತಿದ್ದಳು. ಎದುರು ಮನೆಯ ಶಾಂತಿ ತನ್ನ ಹಪ್ಪಳದ ಡಬ್ಬಿಯನ್ನೂ ತಂದು, "ಆಂಟಿ, ನಿಮ್ ದೇವರ ಅಟ್ಟದಲ್ಲಿ ಇದಕ್ಕೂ ಸ್ವಲ್ಪ ಜಾಗ ಕೊಡಿ," ಎಂದು ಇಟ್ಟುಹೋಗಿದ್ದಳು.

ತಾಯಿ ಊರಿಗೆ ಹೊರಟ ಸುದ್ದಿ ಕೊಟ್ರೇಶನಿಗೆ ಅಪ್ಪನಿಂದ ಗೊತ್ತಾಯಿತು. ಭಾನುವಾರ ಬನಿಯನ್ನಿನಲ್ಲೇ ಕೆಲಸಕ್ಕೆ ಇಳಿದ. ಮೈಕ್ರೋವೇವಿನ ತಳದ ಜಾಲರಿ ಬಿಚ್ಚಿದ. ಜೇನಿನ ಬಣ್ಣದ ಜಿಡ್ಡು ಬೆರಳಿಗೆ ಎಳೆಯೆಳೆಯಾಗಿ ಬಂತು. ಬಿಸಿನೀರು, ಸೋಡಾ ಹಾಕಿ ನೆನೆಸಿ ಉಜ್ಜಿದ. ಜಾಲರಿ ಹೊಸದರಂತೆ ಹೊಳೆಯಿತು.

"ಈಗ ನೋಡು ಅವ್ವ. ಒಂದು ದೋಸೆ ಹಾಕು."

ದೋಸೆ ಹಾಕಿದಳು. ಎಣ್ಣೆಯ ಹೊಗೆ ಮೇಲೆದ್ದಿತು, ಜಾಲರಿಯೊಳಕ್ಕೆ ಹೋಯಿತು. ಕೊಟ್ರೇಶ್ ಒಂದು ಟಿಶ್ಯೂ ಕಾಗದ ಹಿಡಿದ. ಅದು ಟಪ್ಪೆಂದು ಜಾಲರಿಗೆ ಅಂಟಿಕೊಂಡಿತು. "ನೋಡಿದ್ಯಾ? ಎಳೀತೈತಿ! ಮಷೀನ್ ಸರಿ ಐತಿ."

ಐದು ನಿಮಿಷಕ್ಕೆ ಉಮಾಶ್ರೀ ತನ್ನ ಕೋಣೆಯಲ್ಲಿ ಕೆಮ್ಮಿದಳು. ರಕ್ಷಿತಾ ಅವಳನ್ನು ಎತ್ತಿಕೊಂಡು ಕೆಳಗಿನ ಪಾರ್ಕಿಗೆ ಹೋದಳು. ಹೋಗುವಾಗ ಬಾಗಿಲನ್ನು ಸ್ವಲ್ಪ ಜೋರಾಗಿಯೇ ಎಳೆದುಕೊಂಡಳು.

ಗೌರಮ್ಮ ಒಲೆ ಆರಿಸಿದಳು. ಜಾಲರಿಗೆ ಅಂಟಿದ ಕಾಗದವನ್ನು ನೋಡುತ್ತ ನಿಂತಳು. "ಕೊಟ್ರೇಶಿ, ಎಳೀತೈತಿ ಅಂದಿ. ಎಳಕೊಂಡು ಎಲ್ಲಿಗೆ ಒಯ್ತೈತಿ?"

"ಹೊರಗ. ಮೇಲಿಂದ ಪೈಪ್ ಐತಿ. ಅಟ್ಟದ ಹಿಂದ ಹಾದು ಬಾಲ್ಕನಿ ಗೋಡಿಯಾಗ ಹೊರಗ ಬರ್ತೈತಿ."

"ಬಂದದ್ದು ನೀ ಕಂಡೀಯೇನು?"

ಕೊಟ್ರೇಶ್ ಬಾಲ್ಕನಿಯ ಕಡೆ ತಿರುಗಿದ. ಕಾರ್ಖಾನೆಯಲ್ಲಿ ಅವನ ಕೆಲಸವೇ ಈ ಪ್ರಶ್ನೆ ಕೇಳುವುದು.

ಕೊಟ್ರಪ್ಪನೂ ಸೇರಿ ಮೂವರೂ ಪಾತ್ರೆ ತೊಳೆಯುವ ಬಾಲ್ಕನಿಗೆ ಹೋದರು. ಗೋಡೆಯ ಮೇಲುಗಡೆ ಅಂಗೈ ಅಗಲದ ದುಂಡು ಬಾಯಿ, ಅದಕ್ಕೆ ತಗಡಿನ ರೆಕ್ಕೆಯ ಮುಚ್ಚಳ. ಒಳಗೆ ಫ್ಯಾನು ಗುಂಯ್‌ಗುಡುತ್ತಲೇ ಇತ್ತು. ಮುಚ್ಚಳದ ರೆಕ್ಕೆ ಅಲುಗಲಿಲ್ಲ. ಅದರ ಬಾಯಿಗೆ ಅಡ್ಡಲಾಗಿ ಜೇಡರಬಲೆ. ಹಳೆಯದು, ದೊಡ್ಡದು, ಒಂದು ಎಳೆಯೂ ಹರಿದಿರಲಿಲ್ಲ. ನಡುವೆ ಜೇಡ ನೆಮ್ಮದಿಯಾಗಿ ಕೂತಿತ್ತು.

"ಇದು ಇವತ್ತಿನ ಬಲಿ ಅಲ್ಲ," ಎಂದ ಕೊಟ್ರಪ್ಪ. "ಕಂಬ ಹತ್ತಿದವ ನಾನು, ಜೇಡರಬಲಿ ನನಗ ಗೊತ್ತು. ಇಲ್ಲಿಂದ ಗಾಳಿ ಹೊರಟು ಭಾಳ ದಿನ ಆಗೈತಿ."

"ಹಂಗಾರ ಅಷ್ಟೂ ಹೊಗಿ ಎಲ್ಲಿ ಹೋತು?" ಎಂದಳು ಗೌರಮ್ಮ.

ಮೂರು ವರ್ಷ ಅವಳು ಸುಟ್ಟ ರೊಟ್ಟಿ, ಹುರಿದ ಶೇಂಗಾ, ಸಿಡಿಸಿದ ಸಾಸಿವೆ, ಕರಿದ ಮಿರ್ಚಿ, ಎಲ್ಲದರ ಹೊಗೆಯನ್ನೂ ಆ ಪೆಟ್ಟಿಗೆ ನುಂಗಿತ್ತು. ಹೊರಗೆ ಬಿಟ್ಟಿರಲಿಲ್ಲ. ಹೊಗೆ ಮನೆಯಲ್ಲೇ ಇದೆ. ಯಾರಿಗೂ ಕಾಣದೆ, ಬಾಡಿಗೆದಾರನಂತೆ.

ಅವಳು ಅಡುಗೆಮನೆಗೆ ವಾಪಸು ಬಂದಳು. ಜಾಲರಿ ಬಿಚ್ಚಲು ಕೊಟ್ರೇಶ್ ತಂದಿದ್ದ ಸ್ಟೂಲನ್ನು ಎಳೆದು, ಗಂಡ ಬೇಡವೆಂದರೂ ಕೇಳದೆ ಹತ್ತಿದಳು. ಅಟ್ಟದ ಬಾಗಿಲಿಗೆ ಅಂಗೈ ಇಟ್ಟಳು. ಬಿಸಿ. ಹೆರಿಗೆಯಾದವಳ ಮಡಿಲಿನಷ್ಟು ಬಿಸಿ. ಸೋಮವಾರ ಸೋಮವಾರ ಹಚ್ಚಿದ ವಿಭೂತಿ ಚಹಾದ ಬಣ್ಣಕ್ಕೆ ತಿರುಗಿತ್ತು. ಇಷ್ಟು ದಿನ ಕೆಳಗಿನಿಂದ ನೋಡಿದ ಕಣ್ಣಿಗೆ ಅದು ಕಂಡಿರಲಿಲ್ಲ.

ಬಾಗಿಲು ತೆರೆದರೆ ಅನ್ನಪೂರ್ಣೆ ಇರುವುದಿಲ್ಲ ಎನ್ನುವುದು ಅವಳಿಗೆ ಆಗಲೇ ಗೊತ್ತಾಗಿತ್ತು. ತೆರೆಯದಿದ್ದರೆ ಅಮಾವಾಸ್ಯೆ ಮುಗಿದೊಡನೆ ಊರಿನ ಬಸ್ಸು.

"ಫ್ಯಾನ್ ಆರಿಸಬ್ಯಾಡ," ಎಂದು ಹೇಳಿ ಬಾಗಿಲು ತೆರೆದಳು.

ಬುಟ್ಟಿಯ ಮೇಲಿನ ಬಿಳಿ ಬಟ್ಟೆ ಉಸಿರಾಡುತ್ತಿತ್ತು. ಏರುತ್ತಿತ್ತು, ಇಳಿಯುತ್ತಿತ್ತು. ಸುಟ್ಟೆಣ್ಣೆಯ ವಾಸನೆಯ ಬಿಸಿಗಾಳಿ ಅವಳ ಮುಖಕ್ಕೆ ರಾಚಿತು. ಅದರಲ್ಲಿ ಇವತ್ತಿನ ದೋಸೆಯಿತ್ತು. ಅದರ ಹಿಂದೆ ಯುಗಾದಿಯ ಹೋಳಿಗೆ, ಬಸವ ಜಯಂತಿಯ ಮಿರ್ಚಿ ಎಲ್ಲ ಇದ್ದವೆನ್ನಿಸಿತು. "ಶಿವನೇ," ಎಂದಳು. ಹೆದರಿಕೆಯಿಂದಲ್ಲ.

ಕೊಟ್ರೇಶ್ ಅವಳನ್ನು ಇಳಿಸಿ ತಾನು ಹತ್ತಿದ. ಬುಟ್ಟಿ, ಹಪ್ಪಳದ ಡಬ್ಬಿ, ಜೋಳದ ಚೀಲ ಒಂದೊಂದಾಗಿ ಕೆಳಗೆ ಬಂದವು. ಮೊಬೈಲಿನ ಬೆಳಕು ಹಿಡಿದು ಒಳಕ್ಕೆ ನೋಡಿದ. ಮೈಕ್ರೋವೇವಿನಿಂದ ಮೇಲೆ ಬಂದ ಬೆಳ್ಳಿ ಬಣ್ಣದ, ಮಡಿಕೆ ಮಡಿಕೆಯಾಗಿ ಬಾಗುವ ಪೈಪು ಗೋಡೆಯ ತೂತಿನಿಂದ ಕಳಚಿ ಅಟ್ಟದೊಳಕ್ಕೇ ಬಾಯಿ ತೆರೆದಿತ್ತು. ಅಟ್ಟದ ಹಿಂದಿನ ಹಲಗೆ ಅಷ್ಟುದ್ದವೂ ಹಳದಿ. ಮೇಲಿನಿಂದ ಜಿಡ್ಡು ತೊಟ್ಟಿಕ್ಕಿ ಮೇಣದಬತ್ತಿಯಂತೆ ಹೆಪ್ಪುಗಟ್ಟಿತ್ತು. ಹಲಗೆಯ ಮೂಲೆಯಲ್ಲೊಂದು ಸಂದು. ಆ ಸಂದಿನ ಆಚೆ ಫಾಲ್ಸ್ ಸೀಲಿಂಗಿನ ಪೊಳ್ಳು, ಕತ್ತಲೆ. ಬೆಳಕು ಬಿದ್ದ ಕಡೆಯೆಲ್ಲ ಕಂದು ಬಣ್ಣದ ಪಟ್ಟಿಯೊಂದು, ದನ ನಡೆದು ಸವೆದ ಕಾಲುದಾರಿಯಂತೆ, ಮುಂದಕ್ಕೆ ಹೋಗಿತ್ತು.

"ಇದು ಎತ್ತಾಗ ಹೋಗೈತಿ?" ಎಂದ ಕೊಟ್ರಪ್ಪ.

ಕೊಟ್ರೇಶ್ ಸ್ಟೂಲಿನಿಂದ ಇಳಿದು, ಹಾಲ್ ದಾಟಿ, ಮಗಳ ಕೋಣೆಗೆ ಹೋದ. ಮಂಚದ ಮೇಲೆ ನಿಂತು ಸೀಲಿಂಗಿನ ದುಂಡು ದೀಪವನ್ನು ಕಿತ್ತ. ತೂತಿನಿಂದ ದೋಸೆಯ ವಾಸನೆ ಇಳಿಯಿತು. ತೂತಿನ ಅಂಚು ಕಂದು. ಅದರ ನೇರ ಕೆಳಗೆ ದಿಂಬು. ಪಕ್ಕದಲ್ಲಿ ಯೂನಿಫಾರ್ಮಿನ ಬೀರು.

"ಕೂಸು ಹೇಳಿತ್ತು," ಎಂದಳು ಗೌರಮ್ಮ. "ಲೈಟಿಂದ ಬರ್ತೈತಿ ಅಂತ. ಊಟ ಮಾಡು ಅಂದ್ವಿ."

ಹೊಗೆಗೆ ಕಣ್ಣಿಲ್ಲ, ಕಾಲಿಲ್ಲ. ಆದರೂ ಅಷ್ಟು ದೊಡ್ಡ ಮನೆಯಲ್ಲಿ ಹುಡುಕಿಕೊಂಡು ಹೋಗಿ ಮಗುವಿನ ದಿಂಬಿನ ಮೇಲೆಯೇ ಇಳಿದಿತ್ತು. ಗೌರಮ್ಮ ಆ ದಿಂಬನ್ನು ಎತ್ತಿ ತನ್ನ ಮಂಚಕ್ಕೆ ಒಯ್ದಳು.

ಮಂಗಳವಾರ ಪೈಪ್ ಕೆಲಸದ ಶಶಿಕುಮಾರ್ ಬಂದ. ಹೂಡಿಯವನೇ, ಈ ಕಟ್ಟಡ ಎದ್ದ ಜಾಗದಲ್ಲಿ ತಮ್ಮ ದ್ರಾಕ್ಷಿ ತೋಟವಿತ್ತು ಎಂದು ಬಂದ ಮನೆಯಲ್ಲೆಲ್ಲ ಹೇಳುವವನು. ಅಟ್ಟಕ್ಕೆ ತಲೆ ತೂರಿಸಿ, "ಸಾರ್, ಪೈಪ್‌ಗೆ ಕ್ಲಾಂಪೇ ಹಾಕಿಲ್ಲ. ಬರೀ ಟೇಪ್ ಸುತ್ತಿದಾರೆ. ಅದರ ಮೇಲೆ ಯಾರೋ ಏನೋ ಭಾರ ಒತ್ತಿ ಇಟ್ಟಿದಾರೆ, ಕಳಚ್ಕೊಂಡುಬಿಟ್ಟಿದೆ. ಏನಿಟ್ಟಿದ್ರಿ ಇಲ್ಲಿ?" ಎಂದ.

ರಕ್ಷಿತಾ ಬ್ಯಾಂಕಿಗೆ ಅರ್ಧ ದಿನ ರಜೆ ಹಾಕಿ ನಿಂತಿದ್ದಳು. ಗೌರಮ್ಮ ಸೆರಗಿನ ತುದಿ ಹಿಡಿದುಕೊಂಡಳು. ಬುಟ್ಟಿ ತನ್ನದು. ಹಿಂದಕ್ಕೆ ಒತ್ತಿ ಇಡು, ಅಲ್ಲಿ ಬೆಚ್ಚಗೈತಿ ಎಂದು ಪ್ರತಿ ಭಾನುವಾರ ಹೇಳಿದವಳೂ ತಾನೇ. ಈಗ ಸೊಸೆ ಹೇಳುತ್ತಾಳೆ, ಹೇಳಲಿ.

"ರೊಟ್ಟಿ ಬುಟ್ಟಿ ಇಟ್ಟಿದ್ವಿ," ಎಂದಳು ರಕ್ಷಿತಾ. "ನಾನೇ ಇಡ್ತಿದ್ದೆ. ಹಿಂದಕ್ಕೆ ದಬ್ಬಿ ದಬ್ಬಿ ಇಡ್ತಿದ್ದೆ."

"ಇಡು ಅಂದವಳು ನಾನಪ್ಪ," ಎಂದಳು ಗೌರಮ್ಮ.

"ಜೋಳದ ಚೀಲ ನಾನಿಟ್ಟಿದ್ದು," ಎಂದ ಕೊಟ್ರೇಶ್.

ಕೊಟ್ರಪ್ಪ ಸುತ್ತ ನೋಡಿ, "ನಾನೊಬ್ಬನೇ ಏನೂ ಮಾಡಿಲ್ಲ ನೋಡು," ಎಂದ.

"ಅದೇ ನಿಮ್ಮ ತಪ್ಪು," ಎಂದಳು ಹೆಂಡತಿ. ಈ ಸಲ ರಕ್ಷಿತಾ ನಕ್ಕಳು. ಎರಡು ವಾರದಲ್ಲಿ ಮೊದಲ ನಗು.

ಶಶಿಕುಮಾರ್ ಮಡಿಕೆ ಪೈಪನ್ನು ಕಿತ್ತು, ಗಟ್ಟಿ ತಗಡಿನ ಪೈಪನ್ನು ಅಡ್ಡಾದಿಡ್ಡಿಯಿಲ್ಲದೆ ನೇರ ಹಾಯಿಸಿ, ಎರಡೂ ತುದಿಗೆ ಕ್ಲಾಂಪ್ ಬಿಗಿದ. ಹಿಂದಿನ ಸಂದನ್ನು ಮುಚ್ಚಿದ. ರಕ್ಷಿತಾ ಮತ್ತು ಗೌರಮ್ಮ ಮೂಗಿಗೆ ಬಟ್ಟೆ ಕಟ್ಟಿಕೊಂಡು ಅಟ್ಟವನ್ನು ಸೋಡಾನೀರಲ್ಲಿ ಉಜ್ಜಿದರು. ಒಬ್ಬಳು ಮೇಲೆ, ಒಬ್ಬಳು ಕೆಳಗೆ, ಬಕೆಟ್ಟಿನ ಮೇಲೆ ಬಕೆಟ್. ಮಗುವಿನ ಕೋಣೆಯ ಸೀಲಿಂಗಿನ ಹಲಗೆ ಬಿಚ್ಚಿಸಿ ಹೊಸದು ಹಾಕಿಸುವ ತನಕ ಉಮಾಶ್ರೀ ಅಜ್ಜ ಅಜ್ಜಿಯ ನಡುವೆ ಮಲಗಿದಳು. ಅಮಾವಾಸ್ಯೆ ಬಂತು, ಹೋಯಿತು. ಊರಿನ ಬಸ್ಸಿನ ಮಾತನ್ನು ಯಾರೂ ಎತ್ತಲಿಲ್ಲ, ಗೌರಮ್ಮನೂ. ಹೊಸ ಪೈಪಿನ ಪರೀಕ್ಷೆ ಇನ್ನೂ ಬಾಕಿ ಇತ್ತು.

ಆ ಭಾನುವಾರ ರಕ್ಷಿತಾ ಮಗಳನ್ನು ಕೆಳಗೆ ಪಾರ್ಕಿಗೆ ಕರೆದೊಯ್ದಳು. ಗೌರಮ್ಮ ಬಾಣಲೆಯಿಟ್ಟು ಬ್ಯಾಡಗಿ ಮೆಣಸಿನಕಾಯಿ ಸುರಿದಳು. ಅದಕ್ಕಿಂತ ದೊಡ್ಡ ಪರೀಕ್ಷೆ ಅವಳಿಗೆ ಗೊತ್ತಿರಲಿಲ್ಲ. ಕೊಟ್ರಪ್ಪ ಬಾಲ್ಕನಿಯಲ್ಲಿ ಮುಚ್ಚಳಕ್ಕೆ ಮುಖ ಕೊಟ್ಟು ನಿಂತ.

"ರೆಕ್ಕಿ ಅರ್ಧ ಎದ್ದೈತಿ!" ಎಂದು ಅಲ್ಲಿಂದ ಕೂಗಿದ. "ಪೂರಾ ಏಳವಲ್ದು!"

ಅಡುಗೆಮನೆಯಲ್ಲಿ ಘಾಟು ನಿಧಾನಕ್ಕೆ ಮೂಗಿಗೆ ಬರತೊಡಗಿತು. ಗೌರಮ್ಮನ ಮುಖ ಇಳಿಯಿತು. ಕೊಟ್ರೇಶ್ ಸುತ್ತ ನೋಡಿದ. ಘಾಟು ಹರಡಬಾರದೆಂದು ತಾನೇ ಮನೆಯ ಕಿಟಕಿ ಬಾಗಿಲೆಲ್ಲ ಭದ್ರವಾಗಿ ಮುಚ್ಚಿದ್ದ. "ಥೂ. ಒಳಗ ಗಾಳಿ ಬರದ ಹೊರಗ ಹೆಂಗ ಹೋದೀತು?" ಎಂದು ಓಡಿ ಹಾಲ್‌ನ ಕಿಟಕಿಯನ್ನು ಒಂದು ಗೇಣು ಸರಿಸಿದ.

ಹಾಲ್‌ನ ಕಡೆಯಿಂದ ತಂಪು ಗಾಳಿ ಗೌರಮ್ಮನ ಬೆನ್ನಿಗೆ ತಾಗಿತು. ಬಾಣಲೆಯ ಮೇಲೆ ಚದುರಿದ್ದ ಹೊಗೆ ಒಮ್ಮೆಲೇ ಒಂದಾಯಿತು. ಕಂಬದಂತೆ ನೆಟ್ಟಗೆ ನಿಂತು, ಒಂದು ಎಳೆಯೂ ಆಚೀಚೆ ಹೋಗದೆ, ಮೇಲಕ್ಕೆ ಏರಿ ಜಾಲರಿಯೊಳಗೆ ಮಾಯವಾಯಿತು. ಮೆಣಸಿನಕಾಯಿ ಗರಿಗರಿಯಾಗುವಷ್ಟು ಹುರಿದಿತ್ತು. ಅವಳ ಕಣ್ಣಲ್ಲಿ ನೀರಿಲ್ಲ. ಗಂಟಲಲ್ಲಿ ಕೆಮ್ಮಿಲ್ಲ. ನಲವತ್ತಾರು ವರ್ಷ ಒಲೆಯ ಮುಂದೆ ನಿಂತವಳು, ಹೊಗೆಯ ಮೈಕಟ್ಟನ್ನು ಕಣ್ಣು ಉಜ್ಜಿಕೊಳ್ಳದೆ ಪೂರ್ತಿಯಾಗಿ ನೋಡಿದ್ದು ಅದೇ ಮೊದಲು. ಸೌಟನ್ನು ಕೈಯಲ್ಲೇ ಹಿಡಿದು ನಿಂತುಬಿಟ್ಟಳು.

"ಎದ್ದಿತು! ಪೂರಾ ಎದ್ದಿತು!" ಬಾಲ್ಕನಿಯಿಂದ ಕೊಟ್ರಪ್ಪ ಕೂಗಿ, ಆ ಉಸಿರಿಗೇ ಕೆಮ್ಮತೊಡಗಿದ. ಕೆಮ್ಮುತ್ತಲೇ ನಗುತ್ತಿದ್ದ. "ಅಯ್ಯಯ್ಯ, ಘಾಟು! ಎಲ್ಲಾ ಇಲ್ಲಿಗೇ ಬರಾಕ ಹತ್ತೈತಲೇ!"

ಮೇಲಿನ ಮಹಡಿಯಿಂದ ಯಾರದೋ ದನಿ: "ಯಾರ್ರೀ ಅದು ಮೆಣಸಿನಕಾಯಿ ಹುರೀತಿರೋದು?"

"ನಾವ ರೀ!" ಎಂದ ಕೊಟ್ರಪ್ಪ, ಪ್ರಶಸ್ತಿ ಬಂದವನಂತೆ.

ರಕ್ಷಿತಾ ಮಗಳೊಂದಿಗೆ ಮೇಲೆ ಬಂದಾಗ ಬಾಣಲೆ ಇನ್ನೂ ಬಿಸಿಯಿತ್ತು. ಬಾಗಿಲಲ್ಲೇ ನಿಂತು ಮೂಗು ಅರಳಿಸಿದಳು. "ಇನ್ನೂ ಹುರಿದಿಲ್ವಾ ಅತ್ತೆ?"

"ಹುರಿದು ಕುಟ್ಟೂದೂ ಆತು."

ರಕ್ಷಿತಾ ಕುಟ್ಟಾಣಿಯಲ್ಲಿದ್ದ ಕೆಂಪು ಪುಡಿಯನ್ನು ನೋಡಿದಳು, ಒಲೆಯನ್ನು ನೋಡಿದಳು, ಅತ್ತೆಯನ್ನು ನೋಡಿದಳು. ಉಮಾಶ್ರೀ ತಾಯಿಯ ಕೈ ಬಿಡಿಸಿಕೊಂಡು ಒಳಗೆ ಬಂದು ಕಟ್ಟೆಯ ಪಕ್ಕದ ಸ್ಟೂಲ್ ಹತ್ತಿ ಕೂತಳು. ತಾಯಿ ತಡೆಯಲಿಲ್ಲ.

"ಅಜ್ಜಿ, ರೊಟ್ಟಿ ಬಡಿತೀಯಾ? ನಾನು ನೋಡ್ಬೇಕು."

ಗೌರಮ್ಮ ಜೋಳದ ಹಿಟ್ಟಿನ ಡಬ್ಬಿ ತೆಗೆದಳು. ಆ ಸಂಜೆ ಹದಿನೆಂಟು ರೊಟ್ಟಿ ಬಡಿದಳು. ತಿಂದು ಉಳಿದದ್ದನ್ನು ಒಣಗಿಸಿ, ಬುಟ್ಟಿಗೆ ಹಾಕಿ, ಹೊಸ ಬಿಳಿ ಬಟ್ಟೆ ಮುಚ್ಚಿದಳು. ರಕ್ಷಿತಾ ಬುಟ್ಟಿಯನ್ನು ಅಟ್ಟಕ್ಕೆ ಏರಿಸಿದಳು. ಪೈಪಿಗೆ ತಾಗದಂತೆ, ಮುಂದಿನ ಅಂಚಿಗೆ.

ಮುಂದಿನ ವಾರ ಹೂಡಿಯಲ್ಲಿ ಐದು ದಿನ ಬಿಡದೆ ಮಳೆ ಸುರಿಯಿತು. ಶುಕ್ರವಾರ ಅಟ್ಟದ ಬಾಗಿಲು ಮುಟ್ಟಿದರೆ ತಣ್ಣಗಿತ್ತು. ಬುಟ್ಟಿ ಇಳಿಸಿ ನೋಡಿದಾಗ ಅಟ್ಟದ ಮೇಲಿನ ರೊಟ್ಟಿಯೆಲ್ಲ ಮೆತ್ತಗಾಗಿತ್ತು.